ಕಾರಿನ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ ಎನ್ನುತ್ತಾರೆ, ಗುಜರಿಯದು ಹಾಕಿಸಬಹುದೇ?

ಪ್ರಶ್ನೆ (ಚಿತ್ರದುರ್ಗ):
ನನ್ನದು 2014ರ ಡೀಸೆಲ್ ಕಾರು. ಹೋದ ವಾರ ದಾವಣಗೆರೆಯಿಂದ ಬರುವಾಗ ಭರಮಸಾಗರ ದಾಟಿದ ಮೇಲೆ ಓಡುತ್ತಿದ್ದ ಗಾಡಿ ಒಮ್ಮೆಲೇ ನಿಂತಿತು. ಸೆಲ್ಫ್ ಹೊಡೆದರೆ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಎಂಜಿನ್ ದೀಪವೂ ಬರುವುದಿಲ್ಲ. ಸ್ಕ್ಯಾನರ್‌ಗೆ ಇಸಿಎಂ ಸಿಗುತ್ತಿಲ್ಲ, ಬದಲಾಯಿಸಬೇಕು ಎಂದರು ಗ್ಯಾರೇಜಿನವರು. ಹೊಸದಕ್ಕೆ 42,000 ರೂಪಾಯಿ, ಗುಜರಿಯದಕ್ಕೆ 9,000. ಅಮ್ಮನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವುದು ಇದೇ ಕಾರಿನಲ್ಲಿ. ಏನು ಮಾಡಲಿ?

ಉತ್ತರ (ದಾವಣಗೆರೆ, ಆಟೋ ಎಲೆಕ್ಟ್ರಿಷಿಯನ್):
ಸರ್, ದಯವಿಟ್ಟು ಈಗಲೇ ಹಣ ಕೊಡಬೇಡಿ. ದೀಪವೇ ಬರುವುದಿಲ್ಲ ಎಂದಿರಲ್ಲ, ನನ್ನ ಗಮನ ಅಲ್ಲಿಗೇ ಹೋಯಿತು. ಇಸಿಎಂಗೆ ಕರೆಂಟ್ ತಲುಪದಿದ್ದರೂ ಹೀಗೆಯೇ ಆಗುತ್ತದೆ. ಫ್ಯೂಸ್ ಮತ್ತು ಇಸಿಎಂಗೆ ಕರೆಂಟ್ ಬಿಡುವ ಸ್ವಿಚ್ಚಾದ ಮೇನ್ ರಿಲೇ ನೋಡಿಸಿ. ಅರ್ತ್ (ಗಾಡಿಯ ಬಾಡಿಗೆ ಕೂಡಿಸಿದ ನೆಗೆಟಿವ್ ವೈರ್) ನೋಡುವಾಗ ಮಲ್ಟಿಮೀಟರ್ ಒಂದನ್ನೇ ನಂಬಬೇಡಿ. ಕಿಲುಬು ಹಿಡಿದು ಒಂದೇ ಎಳೆ ಉಳಿದ ವೈರೂ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ. ಇಸಿಎಂನ ಕನೆಕ್ಟರ್ ಬಿಚ್ಚಿ, ಅದರ ಪವರ್ ಮತ್ತು ಅರ್ತ್ ಪಿನ್ನುಗಳಿಗೆ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಹಿಡಿಯಿರಿ. ಪೂರ್ತಿ ಬೆಳಗಿದರೆ ಸರಿ. ಮಂಕಾಗಿದ್ದರೆ ದೋಷ ವೈರಿನಲ್ಲಿದೆ.

ಬಲ್ಬ್ ಬೆಳಗಿದರೆ ಇಸಿಎಂ ಸೆನ್ಸರ್‌ಗಳಿಗೆ ಕೊಡುವ 5 ವೋಲ್ಟ್ ಲೈನ್ ನೋಡಿ. ಒಂದು ಸೆನ್ಸರ್ ಶಾರ್ಟ್ ಆದರೂ ಕೆಲವು ಗಾಡಿಗಳಲ್ಲಿ ಇಸಿಎಂ ಸತ್ತಂತೆ ಬಿದ್ದಿರುತ್ತದೆ. ಒಂದೊಂದೇ ಸೆನ್ಸರ್ ಕಳಚುತ್ತಾ ಬನ್ನಿ, ಯಾವುದನ್ನು ಕಳಚಿದಾಗ ಇಸಿಎಂಗೆ ಜೀವ ಬರುತ್ತದೋ ದೋಷ ಅಲ್ಲಿದೆ. ಮೆಕ್ಕೆಜೋಳದ ಚೀಲ ಪೇರಿಸಿದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುತ್ತಿದ್ದರೆ ಇಲಿ ಕಡಿದಿದೆಯೇ ಎಂದೂ ನೋಡಿ. ನನ್ನಲ್ಲಿಗೆ ಅಂಥ ಗಾಡಿಗಳು ಬಹಳ ಬರುತ್ತವೆ.

ಉತ್ತರ (ಹರಿಹರ):
ಗುಜರಿಯದನ್ನೇ ಹಾಕುವುದಾದರೆ ಪಾರ್ಟ್ ನಂಬರ್ ಒಂದೇ ಇರಬೇಕು. ಅದರೊಳಗೆ ಬೇರೆ ಕಾರಿನ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಕೋಡ್ ಇರುತ್ತದೆ, ನಿಮ್ಮ ಕೀಗೆ ಒಪ್ಪುವುದಿಲ್ಲ. ಹಳೆಯ ಇಸಿಎಂನ ಡೇಟಾವನ್ನು ಇದಕ್ಕೆ ನಕಲು ಮಾಡಬಲ್ಲವರಿದ್ದರೆ ಮಾತ್ರ ಕೊಳ್ಳಿ. ಹೊಸದಾದರೂ ಪ್ರೋಗ್ರಾಂ ಮಾಡಬೇಕು, ಹಲವು ಡೀಸೆಲ್ ಎಂಜಿನ್‌ಗಳಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕೋಡ್‌ಗಳನ್ನೂ ತುಂಬಬೇಕು. ಆಗ ಬ್ಯಾಟರಿಗೆ ಚಾರ್ಜರ್ ಹಾಕಿರಲಿ. ನಡುವೆ ವೋಲ್ಟೇಜ್ ಇಳಿದರೆ ಹೊಸ ಇಸಿಎಂ ಕೂಡ ಕೆಡಬಹುದು.

ಪ್ರಶ್ನೆ ಕೇಳಿದವರು:
ಇಂದು ಬಲ್ಬ್ ಹಿಡಿದು ನೋಡಿದೆವು. ಬಲ್ಬಿನೊಳಗಿನ ತಂತಿ ಮಾತ್ರ ಕೆಂಡದ ಹಾಗೆ ಮಿನುಗಿತು. ಬ್ಯಾಟರಿ ಟ್ರೇ ಬಿಚ್ಚಿದರೆ ಅದರಡಿ ಅರ್ತ್ ವೈರಿನ ತುದಿಯ ಲಗ್ (ಬೋಲ್ಟ್ ಹಾಕುವ ಲೋಹದ ಬಳೆ) ಹಸಿರಾಗಿ ಪುಡಿಪುಡಿಯಾಗಿತ್ತು. ಚಾಸಿಯ ಬಣ್ಣ ಕೆರೆದು ಹೊಸ ಲಗ್ ಹಾಕಿದೆವು. ಎಂಜಿನ್ ದೀಪ ಬಂತು, ಗಾಡಿ ಮೊದಲ ಸಲಕ್ಕೇ ಹತ್ತಿತು. ನಾಳೆ ಅಮ್ಮನ ಡಯಾಲಿಸಿಸ್ ಇದೆ, ಅದರಲ್ಲೇ ಬರುತ್ತೇವೆ. ಅಣ್ಣಾ, ಲಗ್ ಮೇಲೆ ಗ್ರೀಸ್ ಸವರಿದರೆ ಸಾಕೇ, ಬೇರೇನಾದರೂ ಹಚ್ಚಬೇಕೇ?

ಉತ್ತರ (ದಾವಣಗೆರೆ, ಆಟೋ ಎಲೆಕ್ಟ್ರಿಷಿಯನ್):
ಓದಿ ಬಹಳ ಸಂತೋಷವಾಯಿತು ಸರ್. ಮೊದಲು ಬೋಲ್ಟ್ ಬಿಗಿ ಮಾಡಿ, ಆಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಸಾಕು.