ಅಪ್‌ಡೇಟ್: ಕಾರಿನ ‘ಕಿಂಯ್ ಕಿಂಯ್’ ಕಳ್ಳ ಸಿಕ್ಕ

ಹೋದ ವಾರ ಕೇಳಿದ್ನೆಲ್ರೀ, ಧಾರವಾಡದಿಂದ ಹುಬ್ಬಳ್ಳಿಗೆ ಹೋಗೂಮುಂದ ಕಾರಿನ ಮುಂದಿನ ಎಡಗಡೆ, ಹಳೇ ಬಾಗಲಾ ತಗದಂಗ ಸದ್ದು ಬರ್ತದ ಅಂತ. ಸಿಕ್ತು.

ಬ್ರೇಕ್ ಅಲ್ಲ. ತುಳದ್ರೂ ಬಿಟ್ರೂ ಸದ್ದು ಅಷ್ಟ. ನವಲೂರ ಕಡೆ ಸಪಾಟ ರಸ್ತೆದಾಗ ಗಪ್, ಹಂಪ್ ಬಂದ್ರ ಶುರು. “ಮಳ್ಯಾಗೂ ಬರ್ತದೇನು?” ಅಂತ ಒಬ್ರು ಕೇಳಿದ್ರಲ್ಲ, ಅಲ್ಲೇ ಸುಳಿವು. ಮಳಿ ದಿನ ಇರ್ತಿದ್ದಿಲ್ಲ!

ಆಯ್ತವಾರ, ಕಾರು ಹಂಪಿನ ಮ್ಯಾಲೆ ಕುಣದಂಗ ಕುಣೀಲಿ ಅಂತ ಅಣ್ಣನ ಮಗನ್ನ ಬಾನೆಟ್ ಒತ್ತಾಕ ಹಚ್ಚಿ, ನಾ ನೀರಿನ ಬಾಟ್ಲಿ ಹಿಡ್ಕೊಂಡು ಕೆಳಗ ಬಗ್ಗಿದೆ. ಒಂದೊಂದ ರಬ್ಬರ್ ಬುಶ್ಶಿಗೆ (ಲೋಹದ ಭಾಗಗಳ ನಡುವ ಇರೂ ರಬ್ಬರ್ ಮೆತ್ತಿಗೆ) ನೀರು ಚಿಮುಕಿಸ್ತ ಹೋದೆ. ಸ್ಟೆಬಿಲೈಸರ್ ಬಾರ್ ಅಂದ್ರ ತಿರುವಿನ್ಯಾಗ ಕಾರು ಭಾಳ ವಾಲದಂಗ ಹಿಡಿಯೂ ಉಕ್ಕಿನ ಸರಳು; ಅದರ ಬುಶ್ ತೊಯ್ದ ಕೂಡ್ಲೆ ಸದ್ದು ಬಂದ್. ಆರಿದ ಮ್ಯಾಲೆ ಮತ್ತ ಕಿಂಯ್.

ಗ್ಯಾರೇಜಿನ ಕಾಕಾ ಬಿಚ್ಚಿ ತೋರ್ಸಿದ್ರು: ರಬ್ಬರ್ ಒಳಮೈ ಸವದು ಕನ್ನಡಿ ಹಂಗ ಹೊಳೀತಿತ್ತು, ಅಂಚಿಗೆ ಸೀಳು. ಎರಡೂ ಕಡೆ ಹೊಸಾವು ಹಾಕಿಸ್ದೆ. ಗ್ರೀಸ್ ಹಚ್ರಿ ಅಂದೋರಿಗೆ ಒಂದ ಮಾತು: ಸಾದಾ ಗ್ರೀಸ್ ರಬ್ಬರನ್ನ ಉಬ್ಬಿಸಿ ಕೆಡಸ್ತದ, ಹಚ್ಚೂದಾದ್ರ ಸಿಲಿಕೋನ್ ಗ್ರೀಸ್.

ನಿನ್ನೆ ಉಣಕಲ್ ಹತ್ರ ಮತ್ತ ಏನೋ ಕಟಕಟ ಅಂತು, ಎದಿ ಧಸಕ್ಕಂತು. ನೋಡಿದ್ರ ಡ್ಯಾಶ್‌ಬೋರ್ಡ್ ಖಾನೆದಾಗ ನಮ್ಮ ಮನ್ಯಾಕಿ ಇಟ್ಟ ಖಾಲಿ ಪೇಡೆ ಡಬ್ಬಿ.