ಅಪ್‌ಡೇಟ್: ಎಂಜಿನ್ ನಡುಕಕ್ಕೆ ಕಾರಣ ಸಿಕ್ಕಿತು

ದಾವಣಗೆರೆಯ ಶೆಡ್ಡಿನಲ್ಲಿ ಕಿಟ್‌ನಿಂದ ಜೋಡಿಸುತ್ತಿರುವ ನಮ್ಮ ಎರಡು ಆಸನದ ಹಗುರ ವಿಮಾನದ ಎಂಜಿನ್, ನೆಲಕ್ಕೆ ಕಟ್ಟಿ ಓಡಿಸಿದಾಗ ಕಡಿಮೆ ವೇಗದಲ್ಲಿ ನಡುಗುತ್ತದೆ, ಬಲಗಡೆಯ ಕಾರ್ಬ್ಯುರೇಟರಿನಿಂದ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಪೆಟ್ರೋಲ್ ತೊಟ್ಟಿಕ್ಕುತ್ತದೆ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಎಂಟೂ ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಿದ್ದರಿಂದ ಹಣ ಖರ್ಚಾಯಿತೇ ಹೊರತು ಪ್ರಯೋಜನವಾಗಲಿಲ್ಲ. ಎರಡೂ ಕಾರ್ಬ್ಯುರೇಟರುಗಳನ್ನು ಗೇಜ್ ಹಚ್ಚಿ ಸರಿಹೊಂದಿಸಿದಾಗ ನಡುಕ ಒಂದಿಷ್ಟು ತಗ್ಗಿತಾದರೂ ಸೋರಿಕೆ ನಿಲ್ಲಲಿಲ್ಲ.

ಕೊನೆಗೆ ಫಲ ಕೊಟ್ಟದ್ದು, ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್‌ಗಳನ್ನು ತೂಗಿ ನೋಡಿ ಎಂದು ಚಿತ್ರದುರ್ಗದ ಹಿರಿಯರೊಬ್ಬರು ನೀಡಿದ ಸಲಹೆ. ಈ ಎಂಜಿನ್ನಿನಲ್ಲಿ ಒಂದು ಕಾರ್ಬ್ಯುರೇಟರಿನ ಎರಡು ಫ್ಲೋಟ್‌ಗಳು ಸೇರಿ 7 ಗ್ರಾಂ ಮೀರಬಾರದು. ಅಷ್ಟು ಸೂಕ್ಷ್ಮವಾದ ತಕ್ಕಡಿ ನಮ್ಮಲ್ಲಿ ಇಲ್ಲದ ಕಾರಣ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಒಯ್ದೆ (ಪೆಟ್ರೋಲ್ ವಾಸನೆಗೆ ಅವರು ಮುಖ ಸಿಂಡರಿಸಿದ್ದು ಬೇರೆ ಮಾತು). ಬಲಗಡೆಯ ಜೋಡಿ 8 ಗ್ರಾಂ ದಾಟಿತ್ತು. ಫ್ಲೋಟ್‌ಗಳು ಪೆಟ್ರೋಲನ್ನು ಹೀರಿ ಭಾರವಾಗಿ ತಗ್ಗುವುದರಿಂದ ಬಟ್ಟಲಿಗೆ ಪೆಟ್ರೋಲ್ ಬರುವುದನ್ನು ತಡೆಯುವ ಸೂಜಿ ಕವಾಟ ಸಮಯಕ್ಕೆ ಮುಚ್ಚದೆ, ಬಟ್ಟಲಿನಲ್ಲಿ ಮಟ್ಟ ಏರಿ, ಎಂಜಿನ್ನಿಗೆ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲ್ ಹೋಗಿ ಅದು ನಡುಗುತ್ತದೆ, ಹೆಚ್ಚಾದದ್ದು ಹೊರಚೆಲ್ಲುತ್ತದೆ. ಆದರೂ ಕಣ್ಣಿಗೆ ಅವು ಹೊಸದರಂತೆಯೇ ಕಾಣುತ್ತಿದ್ದುದು ನನಗೆ ಅಚ್ಚರಿ ತಂದಿತು. ಹೊಸ ಜೋಡಿ ಹಾಕಿ ಮೂರು ಬಾರಿ ಓಡಿಸಿದ್ದೇನೆ, ಒಂದು ಹನಿಯೂ ಬಿದ್ದಿಲ್ಲ. ಎಡಗಡೆಯದು ಮಿತಿಯೊಳಗಿದ್ದರೂ ಅದನ್ನೂ ಬದಲಿಸಿಬಿಟ್ಟೆ.