ಹೊಸಪೇಟೆಗೆ ದಿನಾ ರೈಲು: ಮಕ್ಕಳಿರುವ ಮನೆಗೆ ಕೊಪ್ಪಳವೋ, ಭಾಗ್ಯನಗರವೋ, ಗಿಣಿಗೇರಿಯೋ, ಮುನಿರಾಬಾದೋ?

ಪ್ರಶ್ನೆ: ಎರಡೂರಿನ ಸಂಸಾರ

ನಮಸ್ಕಾರ ರೀ. ನನ್ನ ಕೆಲಸ ಹೊಸಪೇಟೆಯ ಬ್ಯಾಂಕ್ ಶಾಖೆಯಲ್ಲಿ. ಬೆಳಿಗ್ಗೆ 9.45ಕ್ಕೆ ಹಾಜರಿ, ಸಂಜೆ ಹೊರಬೀಳುವುದು 6ರ ಮೇಲೆ. ಮನೆಯವರು ಕೊಪ್ಪಳದಲ್ಲಿ ಶಿಕ್ಷಕಿ. ಮಗಳು ಎರಡನೇ ತರಗತಿ, ಮಗನಿಗೆ ಮೂರು ವರ್ಷ. ಮೇ ತಿಂಗಳೊಳಗೆ ಬಾಡಿಗೆ ಮನೆ ಹಿಡಿಯಬೇಕು. ಬೈಕಿನ ಮೇಲೆ ದಿನಾ ಹೆದ್ದಾರಿ ಹತ್ತುವುದು ಬೇಡ, ರೈಲೇ ಆಗಬೇಕು ಅನ್ನುವುದು ಮನೆಯಲ್ಲಿ ತೀರ್ಮಾನ. ಗಿಣಿಗೇರಿಯಲ್ಲಿ ಬಾಡಿಗೆ ಕಡಿಮೆ, ಸ್ಟೇಷನ್ ಕೂಡ ಇದೆ. ಮುನಿರಾಬಾದ್ ಹೊಸಪೇಟೆಗೆ ಹತ್ತಿರ. ಯಾವುದು ಸರಿ? ಮನೆ ನೋಡುವಾಗ ಏನೇನು ಕೇಳಬೇಕು?

ಉತ್ತರ 1: ಹಳಿಪಕ್ಕ

ಬೆಳಗಿನ ಗಾಡಿಯನ್ನು ಎಲ್ಲರೂ ನೋಡುತ್ತಾರೆ, ಸಂಜೆಯದನ್ನು ಮರೆಯುತ್ತಾರೆ. ನಿಮ್ಮ ತೊಂದರೆ ಶುರುವಾಗುವುದು ಸಂಜೆ 6ರ ಮೇಲೆಯೇ.

ಮೊದಲು ಹಂಪಿ ಎಕ್ಸ್‌ಪ್ರೆಸ್ಸನ್ನು ತಲೆಯಿಂದ ತೆಗೆದುಹಾಕಿ. ಮೈಸೂರಿನಿಂದ ಬರುವ ಗಾಡಿ ಬೆಳಿಗ್ಗೆ ಹೊಸಪೇಟೆ ದಾಟಿ ಹುಬ್ಬಳ್ಳಿ ಕಡೆ ಹೋಗುತ್ತದೆ, ಸಂಜೆ ಹುಬ್ಬಳ್ಳಿಯಿಂದ ಹೊರಟು ಹೊಸಪೇಟೆ ಕಡೆ ಬರುತ್ತದೆ. ಕೊಪ್ಪಳದಲ್ಲಿದ್ದು ಹೊಸಪೇಟೆಗೆ ಓಡಾಡುವವರಿಗೆ ಎರಡೂ ಹೊತ್ತು ಉಲ್ಟಾ. ಎರಡನೆಯದು ಸಿಂಧನೂರು ಗಾಡಿ. ಹುಬ್ಬಳ್ಳಿ–ಸಿಂಧನೂರು ರೈಲು ಗಿಣಿಗೇರಿಯಲ್ಲೇ ಗಂಗಾವತಿ ಕಡೆಗೆ ತಿರುಗುತ್ತದೆ, ಹೊಸಪೇಟೆ ಮುಟ್ಟುವುದೇ ಇಲ್ಲ. "ಗಿಣಿಗೇರಿಗೆ ಭಾಳ ಗಾಡಿ ಅದಾವ" ಅಂತ ಮನೆ ಮಾಲೀಕರು ಹೇಳಿದರೆ ಅದರಲ್ಲಿ ಇವನ್ನು ಕಳೆದು ಲೆಕ್ಕ ಹಾಕಿ.

ಉಳಿದ ಗಾಡಿಗಳ ನಂಬರ್ ನೋಡಿ. 5ರಿಂದ ಶುರುವಾದರೆ ಪ್ಯಾಸೆಂಜರ್, 6 ಮೆಮು (ಕರೆಂಟಿನ ಲೋಕಲ್ ಗಾಡಿ), 7 ಡೆಮು (ಡೀಸೆಲ್ಲಿನದು). ಇವು ಸಣ್ಣ ಸ್ಟೇಷನ್‌ಗೂ ನಿಲ್ಲುತ್ತವೆ. 0 ಅಂದರೆ ಸ್ಪೆಷಲ್, ಅದನ್ನು ನಂಬಿ ಮನೆ ಹಿಡಿಯಬೇಡಿ, ಅವಧಿ ಮುಗಿದರೆ ನಿಂತುಹೋಗುತ್ತದೆ. 12, 20, 22 ಸೂಪರ್‌ಫಾಸ್ಟ್. ವಾರಕ್ಕೆ ಎರಡು, ನಾಲ್ಕು ದಿನ ಮಾತ್ರ ಓಡುವವು ಬಹಳ ಇವೆ, ಆದ್ದರಿಂದ ವೇಳಾಪಟ್ಟಿಯಲ್ಲಿ ದಿನದ ಕಾಲಂ ನೋಡದೆ ಎಣಿಸಬೇಡಿ.

ಆಮೇಲೆ ಗಾಡಿ ಎಲ್ಲಿದೆ ಎಂದು ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆಪ್‌ನಲ್ಲಿ ಆ ಗಾಡಿಗಳು ಹೊಸಪೇಟೆಗೆ ನಿಜವಾಗಿ ಎಷ್ಟಕ್ಕೆ ಬರುತ್ತವೆ ಅಂತ ಸತತ ಹತ್ತು ಕೆಲಸದ ದಿನ ಬರೆದಿಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲೇ ಹುಟ್ಟಿದ ಗಾಡಿ ಬೆಳಿಗ್ಗೆ ತಡವಾಗುವುದು ಕಡಿಮೆ. ತಿರುಪತಿ ಕಡೆಯಿಂದ ಬರುವುದು ಸಂಜೆ ಹೊಸಪೇಟೆ ಮುಟ್ಟುವಷ್ಟರಲ್ಲಿ ಎಲ್ಲ ವಿಭಾಗಗಳ ತಡವನ್ನೂ ಹೊತ್ತು ತಂದಿರುತ್ತದೆ. ಜೋಡಿ ಹಳಿ, ಕರೆಂಟು ಎರಡೂ ಆಗಿವೆ, ಆದರೆ ಅದಿರು, ಕಲ್ಲಿದ್ದಲಿನ ಗೂಡ್ಸ್ ಈ ಮಾರ್ಗದಲ್ಲಿ ವಿಪರೀತ. ಪ್ಯಾಸೆಂಜರನ್ನು ಲೂಪಿಗೆ (ಪಕ್ಕದ ಹಳಿಗೆ) ಹಾಕಿ ಎಕ್ಸ್‌ಪ್ರೆಸ್ ಮುಂದೆ ಬಿಡುವುದೂ ಇದ್ದದ್ದೇ. ಹತ್ತರಲ್ಲಿ ಎಂಟು ದಿನ 9.15ರೊಳಗೆ ಹೊಸಪೇಟೆ ಮುಟ್ಟಿಸುವ ಗಾಡಿ ಒಂದಿದ್ದು, ಅದು ತಪ್ಪಿದರೆ ಬಸ್ಸಿನಲ್ಲಿ ಸಮಯಕ್ಕೆ ಹೋಗಲು ಆಗುವ ಊರನ್ನೇ ಆರಿಸಿ. ಈ ಪರೀಕ್ಷೆಯಲ್ಲಿ ಕೊಪ್ಪಳ, ಅದಕ್ಕೆ ಅಂಟಿಕೊಂಡ ಭಾಗ್ಯನಗರ ಗೆಲ್ಲುತ್ತವೆ: ಎಕ್ಸ್‌ಪ್ರೆಸ್ಸುಗಳು ನಿಲ್ಲುತ್ತವೆ, ಹೊಸಪೇಟೆ ಬಸ್ಸು ಸಾಲಾಗಿ ಸಿಗುತ್ತವೆ. ಬೆಳಿಗ್ಗೆ ರೈಲು, ಸಂಜೆ ಬಸ್ಸು ಎಂದೇ ಮನಸ್ಸು ಮಾಡಿಕೊಳ್ಳಿ. ಸಂಜೆ ರೈಲು ಸಿಕ್ಕರೆ ಅದು ಲಾಭ.

ಉತ್ತರ 2: ಎಡದಂಡಿ ಮಂದಿ

ಗಿಣಿಗೇರಿ ಬ್ಯಾಡ್ರಿ ಸರ್, ಸಣ್ಣ ಹುಡುಗರನ್ನ ಕಟ್ಟಿಕೊಂಡು. ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳ ಸುತ್ತ ಕಬ್ಬಿಣದ ಕಾರ್ಖಾನಿ ಸಾಲ ಹಿಡಿದು ನಿಂತಾವ. ಬಾಡಿಗಿ ಕಡಿಮಿ ಇರೋದಕ್ಕ ಕಾರಣ ಅದ. ಮನಿ ನೋಡಾಕ ಹೋದಾಗ ಒಂದು ಬಿಳಿ ಅರಬಿ ತಗೊಂಡು ಹೋಗ್ರಿ. ಮಾಳಿಗಿ ಮ್ಯಾಲಿನ ಟ್ಯಾಂಕಿ ಮುಚ್ಚಳ ಒರಿಸಿ ನೋಡ್ರಿ, ಕರ್ರಗ ಹತ್ತಿದರ ಅದು ಹೊಲದ ಧೂಳಲ್ಲ. ಒಗದ ಅರಬಿ ಎಲ್ಲಿ ಒಣ ಹಾಕ್ತೀರಿ ಅಂತ ಬಾಜೂ ಮನಿಯವರನ್ನ ಕೇಳ್ರಿ, ಒಳಗ ಅಂದರ ತಿಳಕೋರಿ.

ಕೊಪ್ಪಳದಾಗೂ ಎಲ್ಲಾ ಕಡೆ ಒಂದ ಥರ ಅಲ್ಲ. ಕಾರ್ಖಾನಿ ಊರಿಗೆ ಮೂಡಣಕ್ಕ ಅದಾವ. ಮಳಿಗಾಲದಾಗ ಪಡುವಣ ಗಾಳಿ, ಹೊಗಿ ಆ ಕಡೆ ಹೋಗತೈತಿ. ಚಳಿಗಾಲದಾಗ ಗಾಳಿ ಮೂಡಣದಿಂದ ಬೀಸತೈತಿ, ಆವಾಗ ಊರಿನ ಮೂಡಣ ಅಂಚಿನ ಲೇಔಟಿಗೆ ಮೊದಲ ಬಡಿಯೋದು. ಮೇ ತಿಂಗಳಾಗ ಮನಿ ನೋಡಿ ಗಾಳಿ ಛಲೋ ಐತಿ ಅನಕೋಬ್ಯಾಡ್ರಿ, ಡಿಸೆಂಬರ್‌ದಾಗ ಹೆಂಗಿರತೈತಿ ಅಂತ ಕೇಳ್ರಿ.

ನೀರಿನ ಮಾತು ಇನ್ನೂ ದೊಡ್ಡದು. ನಮ್ಮ ಜಿಲ್ಲಾದ ಬೋರಿನ ನೀರಿನಾಗ ಭಾಳ ಕಡೆ ಫ್ಲೋರೈಡ್ ಐತಿ. ಲೀಟರಿಗೆ 1 ಮಿಲಿಗ್ರಾಂ ತನಕ ಚಿಂತಿಲ್ಲ, ಬ್ಯಾರೆ ನೀರ ಇಲ್ಲಂದರ 1.5 ಕಡೀ ಮಿತಿ. ಎಂಟು ವರ್ಷದೊಳಗಿನ ಹುಡುಗರಿಗೆ ಗಟ್ಟಿ ಹಲ್ಲು ಒಳಗ ತಯಾರಾಗೋ ಕಾಲ, ಈ ವಯಸ್ಸಿನಾಗ ಹೆಚ್ಚಾದರ ಹಲ್ಲಿನ ಮ್ಯಾಲ ಕಲೆ ಬಿದ್ದು ಆಮ್ಯಾಲ ಹೋಗಂಗಿಲ್ಲ. ಕಾಸಿದರ ಫ್ಲೋರೈಡ್ ಹೋಗಂಗಿಲ್ಲ, ನೀರು ಆವಿ ಆಗಿ ಇನ್ನಷ್ಟು ಗಟ್ಟಿ ಆಗತೈತಿ. ಆರ್‌ಒ ಇದ್ದರ ತೆಗಿತೈತಿ, ಬರೇ ಯುವಿ ಫಿಲ್ಟರ್ ತೆಗಿಯಂಗಿಲ್ಲ. ಹಂಗಾಗಿ ಹೊಳಿ ನೀರಿನ ನಳ ಮನಿಗೆ ಐತೋ ಇಲ್ಲೋ, ಬೋರಿನ ಪೈಪು ಅದ ಸಂಪಿಗೆ ಬೀಳತೈತೋ ಅಂತ ಕಣ್ಣಾರೆ ನೋಡ್ರಿ.

ನಳ ಎಷ್ಟು ದಿನಕ್ಕೊಮ್ಮೆ ಬರತೈತಿ ಅಂತ ಮಾಲೀಕರನ್ನಲ್ಲ, ಓಣಿ ಹೆಣ್ಣಮಕ್ಕಳನ್ನ ಕೇಳ್ರಿ. ಲೆಕ್ಕ ಸರಳ: ಒಬ್ಬರಿಗೆ ದಿನಕ್ಕ 135 ಲೀಟರ್, ನಾಲ್ಕು ಮಂದಿಗೆ 540. ಐದು ದಿನಕ್ಕೊಮ್ಮೆ ಅಂದರ 2,700. ಒಂದು ಸರತಿ ತಪ್ಪಿದರೂ ನಡೀಬೇಕು ಅಂದರ ಸಂಪು 5,400 ಲೀಟರ್‌ದು ಇರಬೇಕು. ಎರಡು ಮನಿಗೆ ಒಂದ ಸಂಪು ಇದ್ದರ ಬ್ಯಾಸಗಿಯಾಗ ಜಗಳ ಗ್ಯಾರಂಟಿ.

ಉತ್ತರ 3: ಡ್ಯಾಂ ಕಾಲನಿ

ಮುನಿರಾಬಾದನ್ನು ಇಷ್ಟು ಬೇಗ ಬಿಡಬೇಡಿ. ಗಿಡಮರ ಇವೆ, ಹೊಳೆ ದಾಟಿದರೆ ಹೊಸಪೇಟೆ. ಆದರೆ ಅಲ್ಲಿದ್ದರೆ ರೈಲಿನ ಹಂಗು ಬೇಡ. ನಿಲ್ಲುವ ಗಾಡಿ ಕಡಿಮೆ, ಅಷ್ಟು ಸಮೀಪದ ಊರಿಗೆ ಸ್ಟೇಷನ್‌ಗೆ ಹೋಗಿ ಕಾಯುವಷ್ಟರಲ್ಲಿ ಬಸ್ಸಿನವರು ತಲುಪಿರುತ್ತಾರೆ. ಪಕ್ಕದಲ್ಲೇ ಹುಲಿಗೆಮ್ಮನ ಗುಡಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಬಸ್ಸು, ರೈಲು, ರಸ್ತೆ ಎಲ್ಲ ತುಂಬಿರುತ್ತವೆ. ಆ ದಿನ ಅರ್ಧ ತಾಸು ಮುಂಚೆ ಹೊರಡಬೇಕು. ಇನ್ನು ನಿಮ್ಮಾಕೆ, ಮಗಳು ಇಬ್ಬರೂ ಕೊಪ್ಪಳಕ್ಕೆ ದಿನಾ ಹೋಗಬೇಕಾಗುತ್ತದೆ, ಮಗಳನ್ನು ಹೊಸಪೇಟೆ ಶಾಲೆಗೆ ಹಾಕಿದರೆ ಮೂವರು ಮೂರು ದಿಕ್ಕು. ಮೂರು ವರ್ಷದ ಮಗುವಿರುವಾಗ ತಾಯಿ-ತಂದೆ ಇಬ್ಬರಲ್ಲಿ ಒಬ್ಬರು ಮನೆಯಿಂದ 15 ನಿಮಿಷದೊಳಗೆ ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಅಂದಮೇಲೆ ಕೊಪ್ಪಳವೇ.

ಇಡೀ ಸಂಸಾರ ಹೊಸಪೇಟೆಗೆ ಹೋಗಿ ನಿಮ್ಮಾಕೆಯೇ ಕೊಪ್ಪಳಕ್ಕೆ ಓಡಾಡುವುದಾದರೆ ಅವರಿಗೆ ಬಸ್ಸು ಪುಕ್ಕಟೆ. ಶಕ್ತಿ ಯೋಜನೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಅನ್ವಯ, ರಾಜಹಂಸಕ್ಕಲ್ಲ. ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು. ಹಂಪಿ ಎಕ್ಸ್‌ಪ್ರೆಸ್ ಕೂಡ ಬೆಳಿಗ್ಗೆ ಅವರ ದಿಕ್ಕಿಗೇ ಹೋಗುತ್ತದೆ. ಮಕ್ಕಳ 371ಜೆ (ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದಡಿ ಸಿಗುವ ಮೀಸಲಾತಿ) ಬಗ್ಗೆ ಹೆದರಿಕೆ ಬೇಡ, ವಿಜಯನಗರ ಜಿಲ್ಲೆಯೂ ಕಲ್ಯಾಣ ಕರ್ನಾಟಕದ್ದೇ. ಗದಗದ ಕಡೆ ಸರಿದರೆ ಮಾತ್ರ ಆ ಗಡಿ ದಾಟಿದಂತೆ. 

ಪ್ರಶ್ನೆ ಕೇಳಿದವರು

ಎಲ್ಲರಿಗೂ ಶರಣು. ಗಿಣಿಗೇರಿ ಕೈಬಿಟ್ಟೆವು. ಭಾಗ್ಯನಗರದಲ್ಲಿ ಹಳಿಗೆ ಹತ್ತಿರದ ಮನೆಯೊಂದು ನೋಡಿದ್ದೇವೆ, ಮಗಳ ಶಾಲೆ ಕೊಪ್ಪಳದ ಬದಿಗೆ. ಪಾಸು ಹೇಗೆ ಮಾಡಿಸುವುದು?

ಉತ್ತರ 1: ಹಳಿಪಕ್ಕ

ಮೊದಲು ಮನೆ. ಅಲ್ಲಿಂದ ಹಳಿಯ ಎರಡೂ ಬದಿಗೆ ಅರ್ಧ ಕಿಲೋಮೀಟರ್ ನಡೆದು ನೋಡಿ. ಹಳದಿ ಹಲಗೆಯ ಮೇಲೆ 'ಡಬ್ಲ್ಯೂ/ಎಲ್' ಎಂದಿದ್ದರೆ ಮುಂದೆ ಸುಮಾರು 600 ಮೀಟರಿಗೆ ಗೇಟಿದೆ ಎಂದರ್ಥ. ಪ್ರತಿ ಗಾಡಿಯೂ, ರಾತ್ರಿ ಎರಡರ ಗೂಡ್ಸೂ, ಅಲ್ಲಿಂದಲೇ ಸೀಟಿ ಊದಬೇಕು. ಹಲಗೆಗೂ ಗೇಟಿಗೂ ನಡುವಿನ ಮನೆಯಲ್ಲಿ ಮಗು ಮಲಗುವುದಿಲ್ಲ. ಶಾಲೆ ಹಳಿಯ ಆಚೆ ಇದ್ದರೆ ವ್ಯಾನು ಮೇಲ್ಸೇತುವೆ ಮೇಲೆ ಬರುತ್ತದೋ ಕೆಳಸೇತುವೆಯಲ್ಲೋ ಕೇಳಿ. ಕೆಳಸೇತುವೆಯಾದರೆ ಮಳೆಗಾಲದಲ್ಲಿ ನೀರು ನಿಂತ ಗುರುತು ಗೋಡೆಯ ಮೇಲೇ ಕಾಣುತ್ತದೆ.

ಸೀಸನ್ ಟಿಕೆಟ್ ಕೌಂಟರಿನಲ್ಲೂ, ರೈಲ್‌ಒನ್ ಆಪ್‌ನಲ್ಲೂ ಸಿಗುತ್ತದೆ. ಮೊದಲ ತಿಂಗಳು ಒಂದೇ ತಿಂಗಳಿನದು ತೆಗೆಯಿರಿ, ಹೊಂದಿಕೊಂಡ ಮೇಲೆ ಮೂರು ತಿಂಗಳಿನದು ಅಗ್ಗ. ಸೂಪರ್‌ಫಾಸ್ಟ್ ಹತ್ತುವುದಿದ್ದರೆ ಅದರ ಹೆಚ್ಚುವರಿ ಶುಲ್ಕ ಸೇರಿಸಿಯೇ ಮಾಡಿಸಿ. ಪಾಸು ಇದ್ದರೂ ರಿಸರ್ವೇಶನ್ ಬೋಗಿ ಹತ್ತುವಂತಿಲ್ಲ, ಸ್ಲೀಪರಿನಲ್ಲಿ ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾಗುತ್ತದೆ. ಜನರಲ್ ಬೋಗಿ ಸಾಮಾನ್ಯವಾಗಿ ಗಾಡಿಯ ಎರಡು ತುದಿಗೆ, ಪ್ಲಾಟ್‌ಫಾರ್ಮಿನ ನಡುವೆ ನಿಂತು ಕಾಯಬೇಡಿ. ಆಪ್‌ನ ಪಾಸಿನ ಸ್ಕ್ರೀನ್‌ಶಾಟ್ ಒಪ್ಪುವುದಿಲ್ಲ, ಟಿಟಿಇಗೆ ಆಪ್ ತೆರೆದೇ ತೋರಿಸಬೇಕು, ಮೊಬೈಲ್ ಚಾರ್ಜ್ ಹೋದರೆ ಟಿಕೆಟ್ ಇಲ್ಲದ ಲೆಕ್ಕ. ಚಾರ್ಜಿನ ಭರವಸೆ ಇಲ್ಲದವರು ಕೌಂಟರಿನ ಕಾಗದದ ಪಾಸನ್ನೇ ಮಾಡಿಸುವುದು ಒಳ್ಳೆಯದು.

ಉತ್ತರ 2: ಎಡದಂಡಿ ಮಂದಿ

ಜನವರಿಯಾಗ ಗವಿಮಠದ ಜಾತ್ರಿ, ಊರಿಗೆ ಊರ ತುಂಬಿರತೈತಿ. ಆ ವಾರ ಸ್ಟೇಷನ್ನಿಗೆ ನಡಕೊಂಡ ಹೋಗ್ರಿ, ಆಟೋ ಹತ್ತಬ್ಯಾಡ್ರಿ.